ಪಿಕಪ್ ಗೇರ್ ಧಡ್ ಅಂತ ಬೀಳ್ತಿದ್ಯಾ? "ಫುಲ್ ಓವರ್‌ಹಾಲ್" ಅಂದವರ ಕೈಗೆ ಗಾಡಿ ಕೊಡಬೇಡಿ

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಪಿಕಪ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗೇರ್ ಬದಲಾಗುವಾಗ ಹೊಡೆತ ಬರ್ತಿದೆ ಅಂತ ಹೋದರೆ, ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಕೈಗೆ ತಗೊಳ್ಳದೆ "ಬಾಕ್ಸ್ ಹೋಗಿದೆ, ಪೂರ್ತಿ ಬಿಚ್ಚಬೇಕು" ಅನ್ನೋ ಗ್ಯಾರೇಜಿನಿಂದ ಕೀ ವಾಪಸ್ ಇಸ್ಕೊಂಡು ಬನ್ನಿ. ಅಂಥ ಗ್ಯಾರೇಜಿಗೇ ಗಾಡಿ ಕೊಟ್ಟು ನಾನು ಮೋಸ ಹೋದೆ. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ, ಆದರೆ ಅವರ ಅಂಗಳದಲ್ಲಿ ಇವತ್ತೂ ನಾಲ್ಕಾರು ಗಾಡಿ ನಿಂತಿವೆ. ಅದಕ್ಕೇ ಬರೀತಿದ್ದೇನೆ.

ನನ್ನ ಗಾಡಿಯ ಲಕ್ಷಣ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಉತ್ತರ ಅಲ್ಲೇ ಇತ್ತು. ಒಂದರಿಂದ ಎರಡಕ್ಕೆ ಹೊಡೆತ, ಎರಡರಿಂದ ಮೂರಕ್ಕೆ ಹೊಡೆತ, ಪಾರ್ಕ್‌ನಿಂದ ರಿವರ್ಸ್‌ಗೆ ಎಳೆದರೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ. ಆಕ್ಸಿಲರೇಟರ್ ಮೇಲೆ ಕಾಲು ಸುಮ್ಮನೆ ಇಟ್ಟಿದ್ದರೂ ಅಷ್ಟೇ ಹೊಡೆತ. ಎಂಜಿನ್ ಲೈಟ್ ಉರೀತಿತ್ತು. ಆದರೆ ಎಲ್ಲೂ ಜಾರುತ್ತಿರಲಿಲ್ಲ. ಗೇರ್ ಬದಲಾಗುವ ಹೊತ್ತಿಗೆ ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರುತ್ತಿರಲಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕೆಂಪಗಿತ್ತು, ಸುಟ್ಟ ವಾಸನೆ ಇರಲಿಲ್ಲ.

ಈ ಕೆಲಸ ಗೊತ್ತಿರುವ ಯಾರಿಗಾದರೂ ಇಷ್ಟು ಸಾಕು. ಬಾಕ್ಸಿನ ಒಳಗಿನ ಕ್ಲಚ್ ಪ್ಲೇಟ್ ಸವೆದರೆ ಮೊದಲು ಜಾರುತ್ತೆ, ಆರ್‌ಪಿಎಂ ಏರುತ್ತೆ, ಆಮೇಲೆ ಬೇಕಾದರೆ ಧಡ್ ಅಂತ ಹಿಡಿಯುತ್ತೆ, ಆಯಿಲ್ ಕಪ್ಪಾಗುತ್ತೆ. ಜಾರದೆ, ಎಲ್ಲಾ ಗೇರಿನಲ್ಲೂ, ರಿವರ್ಸ್‌ನಲ್ಲೂ ಹೊಡೆತ ಬಂದರೆ ಲೈನ್ ಪ್ರೆಶರ್ (ಕ್ಲಚ್‌ಗಳನ್ನು ಅದುಮುವ ಆಯಿಲ್ ಒತ್ತಡ) ಜಾಸ್ತಿ ಇದೆ ಅಂತಲೇ ಮೊದಲ ಅನುಮಾನ. ಒಂದೇ ಶಿಫ್ಟ್‌ನಲ್ಲಿ ಮಾತ್ರ ಹೊಡೆದರೆ ಬೇರೆ ಕಥೆ: ಆ ಶಿಫ್ಟ್‌ನ ಅಕ್ಯುಮುಲೇಟರ್ (ಶಿಫ್ಟಿನ ಹೊಡೆತ ಮೆತ್ತಗೆ ಮಾಡುವ ಪಿಸ್ಟನ್), ವಾಲ್ವ್ ಅಥವಾ ಸೊಲೆನಾಯ್ಡ್ (ಆಯಿಲ್ ಹರಿವು ನಿಯಂತ್ರಿಸುವ ವಿದ್ಯುತ್ ವಾಲ್ವ್). ಜಿಎಂ ಪಿಕಪ್‌ಗಳಲ್ಲಿ ಬಂದ 4ಎಲ್60ಇ ಬಾಕ್ಸಿನಲ್ಲಿ ಒಂದು-ಎರಡರ ಅಕ್ಯುಮುಲೇಟರ್ ಪಿಸ್ಟನ್ ಬಿರುಕು ಬಿಟ್ಟು ಆ ಒಂದೇ ಶಿಫ್ಟ್ ಕಲ್ಲಿನಂತಾಗೋದು ಹಳೇ ಕಾಯಿಲೆ. ಅದನ್ನು ಸರಿಮಾಡೋಕೂ ಆಯಿಲ್ ಪ್ಯಾನ್ ಇಳಿಸಿದರೆ ಸಾಕು, ಬಾಕ್ಸ್ ಕೆಳಗಿಳಿಸಬೇಕಾಗಿಲ್ಲ.

ಇದನ್ನೆಲ್ಲ ಆ ಗ್ಯಾರೇಜಿನ ಮನುಷ್ಯನಿಗೆ ಹೇಳಿದೆ. ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಿ ಅಂದೆ. ಬಂದ ಉತ್ತರ: "ಸ್ಕ್ಯಾನರ್ ಸುಳ್ಳು ಹೇಳುತ್ತೆ ಸಾರ್, ನಮ್ಮ ಕೈ ಸುಳ್ಳು ಹೇಳಲ್ಲ." ಲೈನ್ ಪ್ರೆಶರ್ ಗೇಜ್ ಹಾಕಿ ನೋಡಿ ಅಂದೆ. "ಅದೆಲ್ಲ ಕಂಪನಿಯವರ ನಾಟಕ." ಬಾಕ್ಸಿನ ಪಕ್ಕದಲ್ಲಿ ಪ್ರೆಶರ್ ನೋಡೋಕೆ ಅಂತಲೇ ಒಂದು ಪ್ಲಗ್ ಇರುತ್ತೆ. ಅದನ್ನು ತೆಗೆದು 300 ಪಿಎಸ್‌ಐ ಗೇಜ್ ಕೂರಿಸಿದರೆ ಹತ್ತು ನಿಮಿಷದ ಕೆಲಸ. ನಾಟಕವಂತೆ.

ಗಾಡಿ ವಾಪಸ್ ಕೊಡುವ ದಿನ ಒಂದು ಟ್ರೇ ತಂದು ಮುಂದೆ ಇಟ್ಟರು. ಇದ್ದಿಲಿನ ಹಾಗೆ ಕಪ್ಪಾದ ಕ್ಲಚ್ ಪ್ಲೇಟ್‌ಗಳು. "ನೋಡಿ ಸಾರ್, ನಿಮ್ಮ ಬಾಕ್ಸಿನ ಒಳಗೆ ಹೀಗಿತ್ತು, ಇನ್ನೂ ಒಂದು ವಾರ ಓಡಿಸಿದ್ರೆ ದಾರೀಲಿ ನಿಲ್ತಿತ್ತು." ಅಲ್ಲೇ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ಪ್ಲೇಟ್ ಅಷ್ಟು ಸುಟ್ಟಿದ್ದರೆ ಆಯಿಲ್ ಕೆಂಪಗೆ ಹೇಗಿರುತ್ತೆ? ಆ ಪ್ಲೇಟಿನ ಮಸಿಯೆಲ್ಲ ಎಲ್ಲಿಗೆ ಹೋಯಿತು? ಕೇಳಿದ್ದಕ್ಕೆ, "ಫಿಲ್ಟರ್ ಹಿಡ್ಕೊಂಡಿತ್ತು ಸಾರ್." ಎಟಿಎಫ್ (ಆಟೋಮ್ಯಾಟಿಕ್ ಬಾಕ್ಸಿನ ಆಯಿಲ್) ಸುಟ್ಟ ವಾಸನೆಯನ್ನು ಯಾವ ಫಿಲ್ಟರ್ ಹಿಡಿಯುತ್ತೆ ಹೇಳಿ! ಯಾವ ಆಯಿಲ್ ಹಾಕಿದ್ರಿ ಅಂದೆ. "ಕೆಂಪಗಿರೋದು ಸಾರ್. ಎಲ್ಲಾ ಒಂದೇ." ಡೆಕ್ಸ್ರಾನ್ 6 ಕೇಳುವ ಬಾಕ್ಸ್ ಬೇರೆ, ಮರ್ಕಾನ್ ಯುಎಲ್‌ವಿ ಕೇಳುವ ಫೋರ್ಡ್ 10 ಸ್ಪೀಡ್ ಬಾಕ್ಸ್ ಬೇರೆ. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಶಿಫ್ಟ್ ಕೆಡುತ್ತೆ, ಎಂಜಿನ್-ಬಾಕ್ಸ್ ನಡುವಿನ ಕನ್ವರ್ಟರ್‌ನ ಕ್ಲಚ್ ನಡುಗುತ್ತೆ. ಎಲ್ಲಾ ಒಂದೇ ಅಂತೆ!

ಅವತ್ತು ಗಾಡಿ ಬೆಣ್ಣೆ ಹಾಗೆ ಓಡಿತು. ಯಾಕೆ ಓಡಿತು ಅಂತ ಆಮೇಲೆ ಗೊತ್ತಾಯಿತು. ಸ್ವಲ್ಪ ದಿನಕ್ಕೇ ಅದೇ ಹೊಡೆತ, ಅದೇ ಲೈಟ್. ಫೋನ್ ಮಾಡಿದರೆ, "ಹೊಸ ಪ್ಲೇಟು ಸಾರ್, ಕಂಪ್ಯೂಟರ್ ಕಲೀಬೇಕು, ಓಡಿಸ್ತಾ ಇರಿ." ಕಂಪ್ಯೂಟರ್ ಕಲಿಯೋದು ನಿಜ. ಪ್ರತಿ ಶಿಫ್ಟ್ ಎಷ್ಟು ಹೊತ್ತು ತಗೊಂಡಿತು ಅಂತ ಅಳೆದು ಪ್ರೆಶರ್ ತಿದ್ದಿಕೊಳ್ಳುತ್ತೆ, ಆಯಿಲ್ ಬಿಸಿಯಾದ ಮೇಲೆ ಹದವಾಗಿ ಓಡಿಸಿದರೆ ಹೊಡೆತ ದಿನೇ ದಿನೇ ಕಡಿಮೆಯಾಗುತ್ತೆ. ಚೆನ್ನಾಗಿದ್ದದ್ದು ಒಂದು ಬೆಳಿಗ್ಗೆ ಏಕಾಏಕಿ ಕೆಡೋದು, ಲೈಟ್ ಹತ್ತೋದು ಕಲಿಕೆ ಅಲ್ಲ.

ಬೇರೆ ಕಡೆ ಲಿಫ್ಟ್ ಮೇಲೆ ಎತ್ತಿಸಿದೆ. ಅಲ್ಲಿನ ಹುಡುಗ ಕೆಳಗೆ ಟಾರ್ಚ್ ಬಿಟ್ಟು, "ಸಾರ್, ಈ ಬಾಕ್ಸ್ ಯಾವತ್ತೂ ಇಳಿಸಿಲ್ಲ" ಅಂದ. ಬಾಕ್ಸನ್ನು ಎಂಜಿನ್‌ಗೆ ಕೂಡಿಸುವ ಬೆಲ್ ಹೌಸಿಂಗ್ ಬೋಲ್ಟ್‌ಗಳ ಮೇಲೆ ವರ್ಷಗಳ ಕೆಸರು, ತುಕ್ಕು ಹಾಗೇ ಕೂತಿದೆ. ಸ್ಪ್ಯಾನರ್ ತಾಗಿದ ಒಂದು ಗೀರಿಲ್ಲ. ಬಾಕ್ಸನ್ನು ಕೆಳಗಿನಿಂದ ಹೊರುವ ಕ್ರಾಸ್ ಮೆಂಬರ್ ಬೋಲ್ಟೂ ಹಾಗೇ. ಒಂದು ಬೋಲ್ಟನ್ನೂ ತಿರುಗಿಸಿಲ್ಲ! ಒಂದನ್ನೂ! ಆ ಸುಟ್ಟ ಪ್ಲೇಟ್‌ಗಳು ಯಾರ ಗಾಡಿಯದೋ. ಎಷ್ಟು ಜನರಿಗೆ ಅದೇ ಟ್ರೇ ತೋರಿಸಿದ್ದಾರೋ.

ಕಾಯಿಲೆ ಏನಾಗಿತ್ತು ಗೊತ್ತಾ? ಸ್ಕ್ಯಾನರ್ ಹಾಕಿದ ತಕ್ಷಣ ಪಿ0748. ಪ್ರೆಶರ್ ಕಂಟ್ರೋಲ್ ಸೊಲೆನಾಯ್ಡ್‌ನ ವಿದ್ಯುತ್ ದೋಷ. ಬಾಕ್ಸಿನ ಬದಿಯ ದೊಡ್ಡ ಕನೆಕ್ಟರ್ ಬಿಚ್ಚಿ ಬಾಕ್ಸಿನ ಕಡೆ ಮಲ್ಟಿಮೀಟರ್ ಇಟ್ಟರೆ ಸುಮಾರು 4 ಓಂ. ಅಂದರೆ ಸೊಲೆನಾಯ್ಡ್ ಸುರುಳಿ ಸರಿಯಾಗೇ ಇದೆ. ಕನೆಕ್ಟರ್ ಮತ್ತೆ ಹಾಕಿ, ಕಂಪ್ಯೂಟರ್ ತುದಿಯಲ್ಲಿ ಅಳೆಯುತ್ತಾ ವೈರ್ ಅಲ್ಲಾಡಿಸಿದರೆ ಒಮ್ಮೆ 4, ಒಮ್ಮೆ ಓಪನ್ (ಸಂಪರ್ಕ ಕಡಿದದ್ದು). ಕನೆಕ್ಟರ್ ಒಳಗೆ ಆಯಿಲ್ ತುಂಬಿ ಒಂದು ಪಿನ್ ಹಸಿರುಗಟ್ಟಿ ಸಡಿಲವಾಗಿತ್ತು. ಇಂಥ ಬಾಕ್ಸ್‌ಗಳಲ್ಲಿ ಈ ಸೊಲೆನಾಯ್ಡ್‌ಗೆ ಕರೆಂಟ್ ತಪ್ಪಿದರೆ ಪ್ರೆಶರ್ ಪೂರ್ತಿ ಮೇಲಕ್ಕೆ ಹೋಗುತ್ತೆ, ಕ್ಲಚ್ ಜಾರಿ ಸುಡಬಾರದು ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ಹೊಡೆತ ಅದರದ್ದು, ಸವೆತದ್ದಲ್ಲ. ಆ ಪುಣ್ಯಾತ್ಮರು ಮಾಡಿದ್ದು ಇಷ್ಟೇ ಇರಬೇಕು: ಕನೆಕ್ಟರ್ ಅದುಮಿ, ಕೋಡ್ ಅಳಿಸಿ, ಬಿಲ್ ಬರೆದದ್ದು. ಪಿನ್ ತಾಗಿರುವವರೆಗೆ ಬೆಣ್ಣೆ, ಅಲುಗಾಡಿ ಬಿಟ್ಟುಕೊಂಡ ಮೇಲೆ ಸುತ್ತಿಗೆ. ಕನೆಕ್ಟರ್ ತುಂಡು, ಸೀಲ್ ಬದಲಾಯಿಸಿ ಕೋಡ್ ಅಳಿಸಿದ ಮೇಲೆ ಸರಿಹೋಯಿತು.

ನೀವು ಹೋಗುವ ಮುಂಚೆ ಇಷ್ಟು ನೋಡಿಕೊಳ್ಳಿ. ಸಾಧಾರಣ ಸ್ಕ್ಯಾನರ್ ಪಿ0700 ಮಾತ್ರ ತೋರಿಸಿದರೆ ಅದು "ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿ ಇನ್ನೊಂದು ಕೋಡ್ ಇದೆ" ಅಂತ ಅಷ್ಟೇ, ಒಳಗಿನ ಕೋಡ್ ಓದಿಸಿ. ಪಿ1870 ಬಂದರೂ 4ಎಲ್60ಇ ಬಾಕ್ಸ್ ಪ್ರೆಶರ್ ಏರಿಸಿಕೊಂಡು ಹೊಡೆಯುತ್ತೆ, ಅಲ್ಲಿ ಹೆಚ್ಚಾಗಿ ವಾಲ್ವ್ ಬಾಡಿಯಲ್ಲಿ (ವಾಲ್ವ್‌ಗಳು ಕೂರುವ ಅಚ್ಚಿನಲ್ಲಿ) ಕನ್ವರ್ಟರ್ ಕ್ಲಚ್ ವಾಲ್ವ್ ಕೂರುವ ಅಲ್ಯೂಮಿನಿಯಂ ತೂತು ಸವೆದಿರುತ್ತೆ. ಆಯಿಲ್ ಮಟ್ಟವನ್ನು ಮ್ಯಾನ್ಯುಯಲ್ ಹೇಳಿದ ಬಿಸಿಯಲ್ಲೇ ನೋಡಿ, ತಣ್ಣಗಿದ್ದಾಗಲೂ ಕುದಿಯುವಾಗಲೂ ಒಂದೇ ಮಟ್ಟ ತೋರಿಸಲ್ಲ. ಎಂಜಿನ್‌ಗೆ ಹೋಗುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿದ್ದರೆ ಎಂಜಿನ್ ಟಾರ್ಕಿನ ಲೆಕ್ಕ ತಪ್ಪುತ್ತೆ, ಆ ಲೆಕ್ಕದ ಮೇಲೇ ಪ್ರೆಶರ್ ನಿಂತಿರೋದು.

ಇನ್ನೊಂದು, ಪಿಕಪ್‌ನವರಿಗೆ ಮುಖ್ಯ. ನಿಲ್ಲುವಾಗ, ಹೊರಡುವಾಗ ಮಾತ್ರ ಟಣ್ ಅಂದರೆ ಬಾಕ್ಸಿನಿಂದ ಹಿಂದಿನ ಚಕ್ರದ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಕೀಲು) ಸಡಿಲವಿರಬಹುದು, ಅದರ ಜಾರುವ ತುದಿ ಸ್ಲಿಪ್ ಯೋಕ್ ಒಣಗಿರಬಹುದು, ಬಾಕ್ಸಿನ ಮೌಂಟ್ ರಬ್ಬರ್ ಹರಿದಿರಬಹುದು. ಬಾಕ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ಇದಕ್ಕೂ ಓವರ್‌ಹಾಲ್ ಹೇಳೋರಿದ್ದಾರೆ. ಪ್ಯಾನ್ ಬಿಚ್ಚಿಸಿದರೆ ಮುಂದೆ ನಿಂತು ನೋಡಿ: ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನಯವಾದ ಪೇಸ್ಟ್ ಸಹಜ, ಹೆದರಬೇಡಿ. ಲೋಹದ ಚೂರು, ಹಿತ್ತಾಳೆ ಬಣ್ಣದ ಹೊಳಪು, ಕಪ್ಪು ಚರಟ ಇದ್ದರೆ ಆಗ ಬಿಚ್ಚೋ ಮಾತು. ಗಾಡಿ ಬಿಡುವ ಮುಂಚೆ ಬೆಲ್ ಹೌಸಿಂಗ್, ಪ್ಯಾನ್ ಬೋಲ್ಟ್‌ಗಳಿಗೆ ಒಂದೊಂದು ಚುಕ್ಕೆ ಪೇಂಟ್ ಹಚ್ಚಿ ಫೋಟೋ ತೆಗೆದಿಟ್ಟುಕೊಳ್ಳಿ.

ಬೋಲ್ಟ್‌ಗಳ ಫೋಟೋ ಕಳಿಸಿದ್ದಕ್ಕೆ ಅವರು ಕೊಟ್ಟ ಉತ್ತರವನ್ನೂ ಕೇಳಿ: "ನಾವು ಕೆಲಸ ಅಷ್ಟು ಕ್ಲೀನಾಗಿ ಮಾಡ್ತೀವಿ ಸಾರ್, ಬಿಚ್ಚಿದ್ದೇ ಗೊತ್ತಾಗಲ್ಲ." ತುಕ್ಕನ್ನೂ ವಾಪಸ್ ಅಂಟಿಸ್ತಾರೇನೋ. ಬಿಲ್ ನನ್ನ ಹತ್ತಿರ ಇದೆ. ಫುಲ್ ಓವರ್‌ಹಾಲ್, ಕನ್ವರ್ಟರ್ ಹೊಸದು, ಎಟಿಎಫ್ 4 ಲೀಟರ್ ಅಂತ ಬರೆದಿದ್ದಾರೆ. ಉದಾಹರಣೆಗೆ 4ಎಲ್60ಇ ಬಾಕ್ಸಿಗೆ ಬರೀ ಪ್ಯಾನ್ ಇಳಿಸಿ ಹಾಕಿದರೇ ಸುಮಾರು 4.7 ಲೀಟರ್ ಬೇಕು, ಪೂರ್ತಿ ಬಿಚ್ಚಿ ಕಟ್ಟಿದರೆ 10 ಲೀಟರ್ ದಾಟುತ್ತೆ. ಖಾಲಿ ಬಾಕ್ಸ್, ಖಾಲಿ ಕನ್ವರ್ಟರ್‌ಗೆ 4 ಲೀಟರ್ ಸುರಿದರೆ ಗಾಡಿ ಅವರ ಗೇಟನ್ನೂ ದಾಟುತ್ತಿರಲಿಲ್ಲ.