ಬರ್ಲಿನ್‌ನಲ್ಲಿ ರೂಮ್ ಹುಡುಕುತ್ತಿದ್ದೀರಾ? ಹಳದಿ ಕುರ್ಚಿ ಕಂಡರೆ ದುಡ್ಡು ಹಾಕಬೇಡಿ

ನಿನ್ನೆ ರಾತ್ರಿ ಆ ಹಳದಿ ಕುರ್ಚಿ ಮತ್ತೆ ಕಂಡಿತು. ಅದೇ ಕುರ್ಚಿ, ಅದೇ ಕಿಟಕಿ, ಕಿಟಕಿಯ ಕಟ್ಟೆ ಮೇಲೆ ಅದೇ ಒಣಗಿದ ಕಳ್ಳಿ ಗಿಡ. ಜಾಹೀರಾತು ಹಾಕಿದವನ ಹೆಸರು ಮಾತ್ರ ಬೇರೆ. ಬಾಡಿಗೆ 30 ಯೂರೋ ಕಡಿಮೆ ಮಾಡಿದ್ದಾನೆ. ಏಪ್ರಿಲ್ ಸೆಮಿಸ್ಟರ್‌ಗೆ ಬರುವವರು ಈಗ ರೂಮ್ ಹುಡುಕುತ್ತಿರುತ್ತೀರಿ, ಅಲ್ವಾ? ಅದಕ್ಕೇ ಒಂದು ವರ್ಷ ಮುಚ್ಚಿಟ್ಟುಕೊಂಡಿದ್ದನ್ನು ಬರೆಯುತ್ತಿದ್ದೇನೆ. ಮನೆಯಲ್ಲೇ ಎರಡು ತಿಂಗಳು ಹೇಳಿರಲಿಲ್ಲ. ಅಷ್ಟು ನಾಚಿಕೆ.

ಹೋದದ್ದು 1,430 ಯೂರೋ. ಬ್ಲಾಕ್ಡ್ ಅಕೌಂಟ್‌ನಿಂದ (ವೀಸಾಗೆ ಅಂತ ಮೊದಲೇ ದುಡ್ಡು ಕಟ್ಟಿಟ್ಟು, ತಿಂಗಳಿಗಿಷ್ಟು ಅಂತ ತೆಗೆಯುವ ಖಾತೆ) ನನ್ನ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 992. ಲೆಕ್ಕ ನೀವೇ ಹಾಕಿಕೊಳ್ಳಿ.

"ನಾನು ಲಂಡನ್‌ನಲ್ಲಿದ್ದೇನೆ, ದುಡ್ಡು ಕಳಿಸು, ಕೀ ಕೊರಿಯರ್‌ನಲ್ಲಿ ಬರುತ್ತದೆ" ಅನ್ನುವ ಮೋಸ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಅಂಥ ಮೂರು ಜನರನ್ನು ನಾನೇ ಬ್ಲಾಕ್ ಮಾಡಿದ್ದೆ. ನನಗೆ ಆದದ್ದು ಅದಲ್ಲ. ನಾನು ಮನೆ ನೋಡಿದ್ದೆ. ಮನುಷ್ಯನನ್ನೂ ನೋಡಿದ್ದೆ. ಅವನು ಮಾಡಿಕೊಟ್ಟ ಟೀ ಕುಡಿದಿದ್ದೆ. ಕೀ ಕೈಗೆ ಬಂದಿತ್ತು. ಮತ್ತೆ ಹೇಳುತ್ತೇನೆ, ಕೀ ಕೈಗೆ ಬಂದಿತ್ತು.

2025ರ ಫೆಬ್ರವರಿ. ನನ್ನ ಹಳೇ ರೂಮ್ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ವಿದ್ಯಾರ್ಥಿ ಹಾಸ್ಟೆಲ್‌ಗೆ ಹೆಸರು ಬರೆಸಿ ತಿಂಗಳುಗಳಾಗಿದ್ದವು, ಸದ್ದಿಲ್ಲ. ಅರವತ್ತಕ್ಕೂ ಹೆಚ್ಚು ಜನರಿಗೆ ಮೆಸೇಜ್ ಹಾಕಿದ್ದೆ. ಬರ್ಲಿನ್‌ನಲ್ಲಿ ರೂಮ್ ಹುಡುಕಿದವರಿಗೆ ಇದು ಹೊಸದಲ್ಲ. ನಾಲ್ಕು ಉತ್ತರ ಬಂದವು, ಮೂರು "ಸಾರಿ". ನಾಲ್ಕನೆಯದು ಹತ್ತೇ ನಿಮಿಷದಲ್ಲಿ ಬಂತು. "ನಿನ್ನ ಮೆಸೇಜ್ ಓದಿ ಖುಷಿಯಾಯಿತು. ನೀನು ಗಲಾಟೆ ಇಲ್ಲದ ಮನುಷ್ಯ ಅನ್ನಿಸುತ್ತದೆ. ನನಗೆ ಬೇಕಾಗಿರುವುದು ಅಂಥವರೇ."

ನಾನು ಕರಗಿ ಹೋದೆ. ಅರವತ್ತು ಮೆಸೇಜ್ ಹಾಕಿದ ಮೇಲೆ ಯಾರಾದರೂ ಒಂದು ಒಳ್ಳೇ ಮಾತು ಆಡಿದರೆ ಸಾಕು, ಬುದ್ಧಿ ಕೈಕೊಡುತ್ತದೆ.

ಮನೆ ಬರ್ಲಿನ್‌ನ ನಾಯ್‌ಕೋಲ್ನ್ ಏರಿಯಾದಲ್ಲಿ. ಅಂಗಳದ ಹಿಂದಿರುವ ಕಟ್ಟಡ, ಮೂರನೇ ಮಹಡಿ. ಇಲ್ಲಿ ಕಟ್ಟಡದೊಳಗಿನ ಮನೆಗಳಿಗೆ ನಂಬರ್ ಇರುವುದು ಕಡಿಮೆ, ಕಾಲಿಂಗ್ ಬೆಲ್ ಪಕ್ಕದ ಹೆಸರೇ ಗುರುತು. ಆ ಬೆಲ್ ಮೇಲೆ ಅವನ ಹೆಸರಿರಲಿಲ್ಲ. ಕೇಳಿದೆ. "ಅದು ಮೊದಲು ನನ್ನ ಜೊತೆ ಇದ್ದವನ ಹೆಸರು. ನೀನು ಬಾ, ನಿನ್ನ ಹೆಸರು ಅಂಟಿಸುತ್ತೇನೆ" ಅಂದ. ಎಷ್ಟು ಚೆಂದದ ಉತ್ತರ ನೋಡಿ! ನನ್ನ ಪ್ರಶ್ನೆ ಅಲ್ಲೇ ಸತ್ತುಹೋಯಿತು.

ಆಮೇಲೆ ಟೀ. ಕಪ್ ತೆಗೆಯಲು ಅಡುಗೆಮನೆಯ ಒಂದು ಬಾಗಿಲು ತೆಗೆದ, ಇರಲಿಲ್ಲ. ಇನ್ನೊಂದು ತೆಗೆದ, ಅಲ್ಲೂ ಇಲ್ಲ. ಮೂರನೆಯದರಲ್ಲಿ ಸಿಕ್ಕಿತು. ನಾಲ್ಕು ವರ್ಷದಿಂದ ಅದೇ ಮನೆಯಲ್ಲಿದ್ದೇನೆ ಅಂದವನಿಗೆ ಕಪ್ ಎಲ್ಲಿದೆ ಅಂತ ಗೊತ್ತಿಲ್ಲ! ನಾನು ಅದನ್ನು ನೋಡುತ್ತಾ ಕೂತಿದ್ದೆ, ಆ ಹಳದಿ ಕುರ್ಚಿಯ ಮೇಲೆ. ನಕ್ಕು ಸುಮ್ಮನಾದೆ. ಇವತ್ತಿಗೂ ಯಾರ ಮನೆಯಲ್ಲಾದರೂ ಕಪಾಟು ತೆಗೆದ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆ.

ಕಥೆ ಹೀಗೆ ಹೇಳಿದ: ಅವನು ಮುಖ್ಯ ಬಾಡಿಗೆದಾರ, ಕೆಲಸಕ್ಕೆ ಒಂದು ವರ್ಷ ಲಿಸ್ಬನ್‌ಗೆ ಹೋಗುತ್ತಿದ್ದಾನೆ, ಅಷ್ಟು ದಿನ ರೂಮ್ ನನಗೆ. ಎಲ್ಲ ಸೇರಿ ಬಾಡಿಗೆ 480, ಬರಿ ಬಾಡಿಗೆ 400. ಎರಡು ತಿಂಗಳ ಕೌಟ್ಸಿಯೋನ್, ಅಂದರೆ ನಾವು ಅಡ್ವಾನ್ಸ್ ಅನ್ನುತ್ತೇವಲ್ಲ ಅದು, 800. ಜೊತೆಗೆ ಏಪ್ರಿಲ್ ಬಾಡಿಗೆ. ಒಟ್ಟು 1,280. ಇದರಲ್ಲಿ ಅನುಮಾನ ಪಡುವಂಥದ್ದು ಏನಿದೆ? ಕಾನೂನಿನ ಪ್ರಕಾರ ಮೂರು ತಿಂಗಳ ಬರಿ ಬಾಡಿಗೆಯವರೆಗೆ ಕೇಳಬಹುದು, ಇವನು ಎರಡೇ ಕೇಳಿದ. ಒಳ್ಳೆಯವನು ಅಂದುಕೊಂಡೆ. ಆ ಅಡ್ವಾನ್ಸನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗಿದೆ, ಮೊದಲ ಕಂತು ಬಾಡಿಗೆ ಶುರುವಾದಾಗ ಕೊಟ್ಟರೆ ಸಾಕು. ಅದು ಮಾತ್ರ ನನಗೆ ಗೊತ್ತಿರಲಿಲ್ಲ.

ಅನ್‌ಮೆಲ್ಡುಂಗ್‌ಗೆ, ಅಂದರೆ ಸರ್ಕಾರಿ ಕಚೇರಿಯಲ್ಲಿ ವಿಳಾಸ ರಿಜಿಸ್ಟರ್ ಮಾಡಿಸುವುದಕ್ಕೆ, ಬೇಕಾದ ಮನೆ ಕೊಟ್ಟವರ ಪತ್ರದ ಬಗ್ಗೆಯೂ ಕೇಳಿದೆ. (ಅದರ ಜರ್ಮನ್ ಹೆಸರು ಹೇಳಿ ಮುಗಿಸುವಷ್ಟರಲ್ಲಿ ರೈಲು ಹೋಗಿಬಿಡುತ್ತದೆ.) "ಅದು ನೀನು ಮನೆಗೆ ಬಂದ ಮೇಲೆ ಕೊಡುವ ಪತ್ರ, ಬಂದು ಎರಡು ವಾರದೊಳಗೆ ರಿಜಿಸ್ಟರ್ ಮಾಡಿಸಿದರೆ ಆಯಿತು" ಅಂದ. ಇದು ನಿಜವೇ! ಅವನ ಉತ್ತರಗಳಲ್ಲಿ ಅರ್ಧ ನಿಜವೇ ಇತ್ತು. ಅಲ್ಲೇ ನಾನು ಬಿದ್ದದ್ದು.

ದುಡ್ಡು ಹಾಕಬೇಕಾದ ಖಾತೆಯ ನಂಬರ್ ಎಲ್‌ಟಿ ಅಕ್ಷರದಿಂದ ಶುರುವಾಗುತ್ತಿತ್ತು. ಅಂದರೆ ಲಿಥುವೇನಿಯಾ. ಜರ್ಮನ್ ಖಾತೆಗೆ ಡಿಇ ಇರಬೇಕು. ಕೇಳಿದ್ದಕ್ಕೆ ಸ್ವಲ್ಪ ಮುಖ ಸಪ್ಪೆ ಮಾಡಿಕೊಂಡ. "ಆನ್‌ಲೈನ್ ಬ್ಯಾಂಕ್ ಖಾತೆ ಅದು, ಈಗ ಎಲ್ಲರೂ ಅದನ್ನೇ ಇಟ್ಟುಕೊಂಡಿರುತ್ತಾರೆ. ನಂಬಿಕೆ ಇಲ್ಲದಿದ್ದರೆ ಬಿಡು, ಸಂಜೆ ಇನ್ನೂ ಇಬ್ಬರು ನೋಡಲು ಬರುತ್ತಿದ್ದಾರೆ." ಆಗ ನಾನು ಏನು ಮಾಡಿದೆ ಗೊತ್ತಾ? ಸಾರಿ ಕೇಳಿದೆ. ಕಳ್ಳನಿಗೆ ಸಾರಿ ಕೇಳಿ ಅಲ್ಲೇ ನಿಂತು ಫೋನಿನಲ್ಲಿ ದುಡ್ಡು ಕಳಿಸಿದೆ. ಇನ್‌ಸ್ಟಂಟ್ ಟ್ರಾನ್ಸ್‌ಫರ್, ಹತ್ತು ಸೆಕೆಂಡ್. ಪಾಸ್‌ಪೋರ್ಟ್ ಪ್ರತಿ, ವೀಸಾ ಪ್ರತಿ ಕೂಡ ಕೊಟ್ಟೆ. ಅವನು ಎರಡು ಪುಟದ ಕರಾರಿಗೆ ಸಹಿ ಹಾಕಿ, ಒಂದು ಕವರ್‌ನಲ್ಲಿ ಎರಡು ಕೀ ಕೊಟ್ಟ.

ಆ ಕೀಯನ್ನು ಬಾಗಿಲಿಗೆ ಹಾಕಿ ತಿರುಗಿಸಿ ನೋಡಲಿಲ್ಲ. ಬಾಗಿಲು ಎದುರಿಗೇ ಇತ್ತು. ಮೂರು ಹೆಜ್ಜೆ. ಅವನ ಮುಂದೆ ಪರೀಕ್ಷೆ ಮಾಡಿದರೆ ಅವನಿಗೆ ಬೇಜಾರಾಗಬಹುದು ಅಂತ ಸಂಕೋಚಪಟ್ಟೆ. ಸಂಕೋಚ!

ಮಾರ್ಚ್‌ನಲ್ಲಿ ತರಗತಿ ಇರಲಿಲ್ಲ. ಹಳೇ ರೂಮ್ ಖಾಲಿ ಮಾಡಿ, ಎರಡು ಸೂಟ್‌ಕೇಸ್ ಗೆಳೆಯನ ಹತ್ತಿರ ಬಿಟ್ಟು, ಬೆನ್ನಿಗೆ ಒಂದು ಬ್ಯಾಗ್ ಹಾಕಿಕೊಂಡು ತಿರುಗಾಟಕ್ಕೆ ಹೊರಟೆ. ಮಾರ್ಚ್ ಬಾಡಿಗೆ ಉಳಿಯಿತು ಅನ್ನುವ ಖುಷಿ ಬೇರೆ. ಪ್ರಾಗ್, ವಿಯೆನ್ನಾ, ರೋಮ್, ಪ್ಯಾರಿಸ್.

ಈ ತಿರುಗಾಟದಲ್ಲಿ ನನ್ನಷ್ಟು ಹುಷಾರಾದವನು ಇನ್ನೊಬ್ಬ ಇರಲಿಲ್ಲ, ಅದೇ ತಮಾಷೆ. ಪ್ರಾಗ್‌ನಲ್ಲಿ ಜೊತೆಯವನು ದುಡ್ಡು ಬದಲಿಸುವ ಅಂಗಡಿಯಲ್ಲಿ ಯೂರೋ ಕೊಟ್ಟ. ಒಂದು ಯೂರೋಗೆ 25 ಕೊರುನಾ (ಅಲ್ಲಿನ ದುಡ್ಡು) ಬರಬೇಕಾದ ಕಡೆ 18ರ ಲೆಕ್ಕದಲ್ಲಿ ಕೊಟ್ಟರು. 2019ರ ಏಪ್ರಿಲ್‌ನಿಂದ ಅಲ್ಲೊಂದು ನಿಯಮ ಇದೆ: 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ನಾನೇ ಅವನನ್ನು ಎಳೆದುಕೊಂಡು ಹೋಗಿ, ರಸೀದಿ ತೋರಿಸಿ, ವಾದ ಮಾಡಿ ದುಡ್ಡು ವಾಪಸ್ ಕೊಡಿಸಿದೆ. ಪ್ಯಾರಿಸ್‌ನಲ್ಲಿ ಸಾಕ್ರೆ ಕರ್ ಚರ್ಚ್‌ನ ಮೆಟ್ಟಿಲ ಹತ್ತಿರ ಕೈಗೆ ದಾರ ಸುತ್ತಿ ದುಡ್ಡು ಕೀಳುವವರು ಬಂದರೆ, ಎರಡೂ ಕೈ ಜೇಬಿಗೆ ಹಾಕಿಕೊಂಡು ನಡೆದೆ. ಜೊತೆಯವರಿಗೆಲ್ಲ ಪಾಠ ಮಾಡಿದ್ದೇ ಮಾಡಿದ್ದು. ಬರ್ಲಿನ್‌ನಲ್ಲಿ ನನಗೆ ಪಂಗನಾಮ ಬಿದ್ದು ಆಗಲೇ ವಾರಗಳಾಗಿದ್ದವು.

ಅವನು ಮೆಸೇಜ್ ಮಾಡುತ್ತಲೇ ಇದ್ದ, ಅದನ್ನು ಕೇಳಿ. ದುಡ್ಡು ಸಿಕ್ಕ ಮೇಲೆ ಕಳ್ಳ ಮಾಯವಾಗಬೇಕಲ್ವಾ? ಇವನು ಮಾಯವಾಗಲಿಲ್ಲ. ವಿಯೆನ್ನಾದಲ್ಲಿ ಇದ್ದಾಗ ಬಂತು: "ಹಾಸಿಗೆ ಹಳೆಯದಾಗಿದೆ, ಹೊಸದು ತರುತ್ತಿದ್ದೇನೆ. ಅರ್ಧ ದುಡ್ಡು ನೀನು ಹಾಕುತ್ತೀಯಾ? 150." ಸ್ಟೇಷನ್ ಬೆಂಚಿನ ಮೇಲೆ ಕೂತು ಕಳಿಸಿದೆ. ಥ್ಯಾಂಕ್ಸ್ ಅಂತಲೂ ಬರೆದೆ. ರೋಮ್‌ನಲ್ಲಿ ಟ್ರೆವಿ ಕಾರಂಜಿಯ ಫೋಟೋ ಅವನಿಗೆ ಕಳಿಸಿದ್ದೆ, ಸುಮ್ನೆ, ಹೊಸ ಗೆಳೆಯ ಅಂತ. ಉತ್ತರ ಬಂತು: "ನನ್ನ ಹೆಸರಿನಲ್ಲೂ ಒಂದು ನಾಣ್ಯ ಹಾಕು."

ಹಾಕಿದೆ. ಬೆಪ್ಪುತಕ್ಕಡಿ ನಾನು, ಹಾಕಿದೆ.

ಏಪ್ರಿಲ್ 1. ಹೌದು, ನಗಿ. ಇಲ್ಲಿ ಬಾಡಿಗೆ ಸಾಮಾನ್ಯವಾಗಿ ಒಂದನೇ ತಾರೀಖಿಗೇ ಶುರುವಾಗುತ್ತದೆ, ಅದಕ್ಕೆ ನಾನೇನು ಮಾಡಲಿ? ಪ್ಯಾರಿಸ್‌ನಿಂದ ರಾತ್ರಿಯಿಡೀ ಬಸ್‌ನಲ್ಲಿ ಬಂದು, ಗೆಳೆಯನಿಂದ ಸೂಟ್‌ಕೇಸ್ ತೆಗೆದುಕೊಂಡು ನಾಯ್‌ಕೋಲ್ನ್‌ಗೆ ಹೋದೆ. ಬೀದಿ ಬಾಗಿಲಿಗೆ ಕೀ ಹಾಕಿದೆ. ಒಳಗೇ ಹೋಗಲಿಲ್ಲ. ಎರಡನೆಯದೂ ಇಲ್ಲ. ಯಾರೋ ಹೊರಗೆ ಬಂದಾಗ ನುಗ್ಗಿ, ಎರಡು ಸೂಟ್‌ಕೇಸ್ ಮೂರು ಮಹಡಿ ಹೊತ್ತು ಹತ್ತಿ ಬೆಲ್ ಒತ್ತಿದೆ.

ಒಬ್ಬ ಹೆಂಗಸು ಬಾಗಿಲು ತೆಗೆದರು, ಸೊಂಟದಲ್ಲಿ ಮಗು. ಸ್ಪೇನ್‌ನಿಂದ ರಜೆಗೆ ಬಂದವರು. ಭಾನುವಾರದವರೆಗೆ ಈ ಮನೆ ತಮ್ಮದು, ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುವ ಮನೆ ಇದು ಅಂದರು. ಅವರ ಹೆಗಲ ಹಿಂದೆ ಹಳದಿ ಕುರ್ಚಿ ಕಾಣುತ್ತಿತ್ತು. ಅದರ ಮೇಲೆ ಮಗುವಿನ ಜಾಕೆಟ್.

ಅಂದರೆ ಅವನೂ ಎರಡು ದಿನಕ್ಕೆ ಬಾಡಿಗೆಗೆ ತೆಗೆದುಕೊಂಡಿದ್ದ. ಆ ಎರಡು ದಿನದಲ್ಲಿ ಎಷ್ಟು ಜನರಿಗೆ ಟೀ ಕೊಟ್ಟನೋ. ನಾನು ಮೆಟ್ಟಿಲ ಮೇಲೆ ಕೂತಿದ್ದೆ, ಕೆಳಗಿನಿಂದ ಸೂಟ್‌ಕೇಸ್ ಚಕ್ರದ ಸದ್ದು. ಬ್ರೆಜಿಲ್‌ನ ಒಬ್ಬ ಹುಡುಗ ಬಂದ, ಕೈಯಲ್ಲಿ ಅದೇ ಥರದ ಕವರ್. ಇಬ್ಬರೂ ಒಬ್ಬರ ಕೀ ಇನ್ನೊಬ್ಬರು ನೋಡಿದೆವು. ಮಾತೇ ಬೇಕಾಗಲಿಲ್ಲ. ಮಧ್ಯಾಹ್ನದೊಳಗೆ ಇನ್ನೊಬ್ಬಳು ಬಂದಳು, ಪಾಪ, ಅಪ್ಪನನ್ನೂ ಕರೆದುಕೊಂಡು ಬಂದಿದ್ದಳು. ಅವಳು 1,600 ಕೊಟ್ಟಿದ್ದಳು. ನನಗಿಂತ ಅವಳಿಗೆ ಜಾಸ್ತಿ ಹೋಯಿತು ಅಂತ ಒಂದು ಕ್ಷಣ ಸಮಾಧಾನ ಆಯಿತು. ಛೇ, ಅದನ್ನೂ ಹೇಳಿಬಿಡುತ್ತೇನೆ.

ಅವನಿಗೆ ಮೆಸೇಜ್ ಹಾಕಿದೆ. ಬಂದ ಉತ್ತರಗಳು ಇವು. ಮೊದಲು: "ಸರಿಯಾದ ಕಟ್ಟಡಕ್ಕೆ ಹೋಗಿದ್ದೀಯಾ?" ಆಮೇಲೆ: "ನಾನು ಆಸ್ಪತ್ರೆಯಲ್ಲಿದ್ದೇನೆ, ಸಂಜೆ ಮಾತಾಡೋಣ." ಸಂಜೆ: "ಶುಕ್ರವಾರ ಪೂರ್ತಿ ದುಡ್ಡು ವಾಪಸ್ ಹಾಕುತ್ತೇನೆ, ಪೊಲೀಸರ ಹತ್ತಿರ ಹೋದರೆ ನಿನಗೇ ತಡವಾಗುತ್ತದೆ." ನಂಬಿದೆ! ಆಗಲೂ ನಂಬಿದೆ. ಶುಕ್ರವಾರ ಬಂತು, ಹೋಯಿತು. ಶನಿವಾರ ಕೋಪದಲ್ಲಿ ಉದ್ದಕ್ಕೆ ಬರೆದೆ. ನಾನು ವಿದ್ಯಾರ್ಥಿ, ಇದು ನಮ್ಮಪ್ಪ ಸಾಲ ಮಾಡಿ ಕಳಿಸಿದ ದುಡ್ಡು, ನಿನಗೆ ಮನೆಮಠ ಇಲ್ಲವಾ ಅಂತೆಲ್ಲ. ಅದಕ್ಕೆ ಅವನು ಒಂದು ಹೆಬ್ಬೆರಳು ಹಾಕಿದ. ಮೇಲೆತ್ತಿದ ಹೆಬ್ಬೆರಳು. ಅಷ್ಟೇ. ಆಮೇಲೆ ಪ್ರೊಫೈಲ್ ಫೋಟೋ ಮಾಯ.

1,430ಕ್ಕಿಂತ ಆ ಹೆಬ್ಬೆರಳು ಜಾಸ್ತಿ ಉರಿಯುತ್ತದೆ.

ಬ್ಯಾಂಕಿನವರು ಕೇಳಿ ನೋಡಿದರು, ಆ ಖಾತೆ ಖಾಲಿ. ಆನ್‌ಲೈನ್‌ನಲ್ಲಿ ಪೊಲೀಸ್ ದೂರು ಕೊಟ್ಟೆ, ನಂಬರ್ ಸಿಕ್ಕಿತು. ತಿಂಗಳುಗಳ ನಂತರ ಒಂದು ಪತ್ರ ಬಂತು: ಆರೋಪಿ ಯಾರೆಂದು ಪತ್ತೆಯಾಗದ ಕಾರಣ ತನಿಖೆ ನಿಲ್ಲಿಸಲಾಗಿದೆ. ಮೂರು ವಾರ ಗೆಳೆಯನ ರೂಮಿನ ನೆಲದಲ್ಲಿ ಮಲಗಿದೆ. ಅಮ್ಮ ವಿಡಿಯೋ ಕಾಲ್ ಮಾಡಿದಾಗಲೆಲ್ಲ "ಹೊಸ ರೂಮ್ ತೋರಿಸೋ, ಕಿಟಕಿ ದೊಡ್ಡದಿದೆಯಾ?" ಅನ್ನುತ್ತಿದ್ದರು. ಗೆಳೆಯನ ಕಿಟಕಿ ತೋರಿಸಿ "ಇದೇ" ಅಂದೆ.

ನೀವು ಕೀಯನ್ನು ಅವನ ಎದುರಿಗೇ ಬಾಗಿಲಿಗೆ ಹಾಕಿ ತಿರುಗಿಸಿ, ಬೇಜಾರಾದರೆ ಆಗಲಿ. ಬೆಲ್ ಮೇಲಿನ ಹೆಸರು, ಅವನ ಗುರುತಿನ ಚೀಟಿ, ಖಾತೆಯ ಹೆಸರು, ಮೂರೂ ಒಂದೇ ಇರಬೇಕು. ಒಳಬಾಡಿಗೆಗೆ ಕೊಡಲು ಮನೆ ಮಾಲೀಕರ ಒಪ್ಪಿಗೆ ಪತ್ರ ಕೇಳಿ. ಪಕ್ಕದ ಮನೆ ಬೆಲ್ ಒತ್ತಿ "ಇವರು ಇಲ್ಲೇ ಇರುವುದಾ?" ಅಂತ ಕೇಳಿ, ಏನೂ ಆಗುವುದಿಲ್ಲ. 2025ರ ಅಕ್ಟೋಬರ್‌ನಿಂದ ಯೂರೋ ದೇಶಗಳ ಬ್ಯಾಂಕ್‌ಗಳು ಹೆಸರು ಮತ್ತು ಖಾತೆ ಹೊಂದುತ್ತದೆಯಾ ಅಂತ ಮೊದಲೇ ತೋರಿಸಬೇಕು. ಹೊಂದುವುದಿಲ್ಲ ಅಂತ ಬಂದರೆ ಅಲ್ಲೇ ನಿಲ್ಲಿಸಿ. ನನಗೆ ಏಳೆಂಟು ತಿಂಗಳು ತಡವಾಗಿ ಬಂತು ಆ ನಿಯಮ. "ಇನ್ನೂ ಇಬ್ಬರು ಬರುತ್ತಿದ್ದಾರೆ" ಅಂದರೆ ಬರಲಿ ಬಿಡಿ.

ನಿನ್ನೆ ಜಾಹೀರಾತು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ತರಗತಿಯ ಒಬ್ಬಳ ಖಾತೆಯಿಂದ ಮೆಸೇಜ್ ಹಾಕಿಸಿದೆ. ಹನ್ನೆರಡು ನಿಮಿಷಕ್ಕೆ ಉತ್ತರ. "ನಿನ್ನ ಮೆಸೇಜ್ ಓದಿ ಖುಷಿಯಾಯಿತು. ನೀನು ಗಲಾಟೆ ಇಲ್ಲದ ಮನುಷ್ಯ ಅನ್ನಿಸುತ್ತದೆ." ಒಂದು ಪದ ಬದಲಾಗಿಲ್ಲ. ಹಳೇ ದೂರಿನ ನಂಬರ್ ಹಾಕಿ ಎಲ್ಲವನ್ನೂ ಪೊಲೀಸರಿಗೆ ಕಳಿಸಿದೆ, ಜಾಹೀರಾತನ್ನೂ ರಿಪೋರ್ಟ್ ಮಾಡಿದೆ. ಒಂದು ಗಂಟೆಯಲ್ಲಿ ತೆಗೆದರು. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಬಂದಿದೆ. ಈಗ ಏರಿಯಾ ಮಾತ್ರ ಬೇರೆ, ಬರ್ಲಿನ್‌ನದೇ ವೆಡ್ಡಿಂಗ್ ಅಂತಿದೆ, ಬಾಡಿಗೆ 430.