ಕ್ಷೇಮ ಪಿಂಚಣಿ: ಹಣಕ್ಕೆ ನಾಲ್ಕು ನಕ್ಷತ್ರ, ಬೆರಳಚ್ಚಿಗೆ ಒಂದು

ವೃದ್ಧರು, ವಿಧವೆಯರು, ಅಂಗವಿಕಲರಂಥವರಿಗೆ ಸರಕಾರ ತಿಂಗಳಿಗಿಷ್ಟೆಂದು ಕೊಡುವ ಕೇರಳದ ಕ್ಷೇಮ ಪಿಂಚಣಿಯಲ್ಲಿ ಜೀವ ಹಿಂಡುವುದು ಮಸ್ಟರಿಂಗ್. ಅರ್ಹತೆ, ಅರ್ಜಿ, ಆದಾಯ ಮಿತಿ ಎಲ್ಲ ಪಂಚಾಯತಿನಲ್ಲಿ ಕೇಳಿದರೆ ಹೇಳುತ್ತಾರೆ, ಇಲ್ಲಿ ಬೇಡ. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಅಕ್ಷಯ ಎಂಬ ಆನ್‌ಲೈನ್ ಸೇವಾ ಕೇಂದ್ರದ ಯಂತ್ರಕ್ಕೆ ಬೆರಳೊತ್ತಿ ತೋರಿಸಬೇಕು. 2024ರಲ್ಲೂ 2025ರಲ್ಲೂ ಅದು ಶುರುವಾದದ್ದು ಜೂನ್ 25ಕ್ಕೆ. ಕಾಸರಗೋಡಿನ ಪೆರ್ಲ, ಬದಿಯಡ್ಕ, ಪೈವಳಿಕೆ ಕಡೆ ಆಗ ಸುರಿಯುವ ಮಳೆ ಎಂಥದು ಮಾರಾಯ್ರೇ! ಮಸ್ಟರಿಂಗಿಗೆ 30 ರೂಪಾಯಿ, ಗುಡ್ಡೆಯ ಮೇಲಿನ ಮನೆಯಿಂದ ಅಜ್ಜನನ್ನು ಇಳಿಸಿ ತರುವ ಆಟೋಗೆ ಅದರ ಎಷ್ಟೋ ಪಟ್ಟು.

ಅಡಿಕೆ ಸುಲಿದ, ಬೀಡಿ ಕಟ್ಟಿದ ಕೈಯಲ್ಲಿ ಗೆರೆ ಸವೆದಿರುತ್ತದೆ. ಗೇರುಬೀಜ ಒಡೆದವರದ್ದು ಇನ್ನೂ ಕಷ್ಟ, ಸಿಪ್ಪೆಯ ಎಣ್ಣೆ ಚರ್ಮವನ್ನೇ ಸುಡುತ್ತದೆ. ಮೇಲಿಂದ ವಯಸ್ಸಾದ ಚರ್ಮ ಒಣಗಿ ತೆಳುವಾಗಿರುತ್ತದೆ, ಮಳೆಗೆ ನೆನೆದರೆ ಸುಕ್ಕುಗಟ್ಟುತ್ತದೆ. ಹಿಂದಿನ ರಾತ್ರಿ ಬಿಸಿನೀರಲ್ಲಿ ಕೈ ತೊಳೆದು ತೆಂಗಿನೆಣ್ಣೆ ಸವರಿ. ಬೆಳಿಗ್ಗೆ ಸೋಪು ಹಾಕಿ ಅದನ್ನು ಪೂರ್ತಿ ತೆಗೆಯಿರಿ, ಎಣ್ಣೆ ಉಳಿದರೆ ಯಂತ್ರದ ಗಾಜು ಮಸುಕಾಗುತ್ತದೆ. ಕೇಂದ್ರ ತಲುಪಿದ ಮೇಲೆ ಒಣ ಬಟ್ಟೆಯಲ್ಲಿ ಬೆರಳು ಒರೆಸಿ, ಗಾಜನ್ನೂ ಒರೆಸಲು ಹೇಳಿ. ಹೆಬ್ಬೆರಳೇ ಬೇಕೆಂದಿಲ್ಲ. ದುಡಿದ ಕೈಯಲ್ಲಿ ಮೊದಲು ಸವೆಯುವುದೇ ಹೆಬ್ಬೆರಳು ಮತ್ತು ತೋರುಬೆರಳು, ಆದ್ದರಿಂದ ಎಡಗೈಯ ಉಂಗುರ ಬೆರಳಿಂದ ಶುರುಮಾಡಿ. ಗಟ್ಟಿಯಾಗಿ ಒತ್ತಿದರೆ ಗೆರೆಗಳು ಚಪ್ಪಟೆಯಾಗುತ್ತವೆ. ಇಟ್ಟು ಸುಮ್ಮನಿದ್ದರೆ ಸಾಕು.

ಬೆರಳು ಆಗದಿದ್ದರೆ ಕಣ್ಣಿನ ಸ್ಕ್ಯಾನರ್ ಕೇಳಿ. ಕನ್ನಡಕ ತೆಗೆಸಿ, ಬಿಸಿಲು ಮುಖಕ್ಕೆ ಹೊಡೆಯದ ಹಾಗೆ ಕೂರಿಸಿ, ಜೋತುಬಿದ್ದ ರೆಪ್ಪೆಯನ್ನು ಎತ್ತಿಹಿಡಿಯಿರಿ. ಅದೂ ವಿಫಲವಾದರೆ ಬರಿಗೈಯಲ್ಲಿ ವಾಪಸಾಗಬೇಡಿ. ವಿಫಲವಾದದ್ದು ದಾಖಲಾಗಿದೆಯೇ ಎಂದು ಕೇಳಿ, ಜೀವಂತ ಪ್ರಮಾಣಪತ್ರ ಮಾಡಿಸಿ ಪಂಚಾಯತಿಗೆ ಕೊಡಬೇಕು. ಜತೆಗಿನ ಅರ್ಜಿ ಕನ್ನಡದಲ್ಲೇ ಇರಲಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಆ ಹಕ್ಕು ಕೊಟ್ಟಿದೆ. ಹಾಸಿಗೆ ಹಿಡಿದವರಿದ್ದರೆ ವಾರ್ಡ್ ಮೆಂಬರ್ ಮೂಲಕ ಮೊದಲೇ ತಿಳಿಸಿ, ಅಕ್ಷಯದವರು ಮನೆಗೇ ಬರುತ್ತಾರೆ, 50 ರೂಪಾಯಿ. ಇಷ್ಟು ಮಾಡದೆ ಬಿಟ್ಟರೆ ಪಿಂಚಣಿ ನಿಲ್ಲುತ್ತದೆ.

ಇಷ್ಟೆಲ್ಲ ಬೈದ ಮೇಲೂ ಹಣಕ್ಕೆ ನಾಲ್ಕು ನಕ್ಷತ್ರ ಯಾಕೆಂದರೆ ಅದು ಮನೆಯ ಜಗಲಿಗೇ ಬರುತ್ತದೆ. ಬ್ಯಾಂಕ್ ಬೇಡವೆಂದವರಿಗೆ ಸಹಕಾರಿ ಸೊಸೈಟಿಯವರು ತಂದು ಕೈಗೆ ಕೊಡುತ್ತಾರೆ. ಬಂದವರಿಗೆ ಬೆಲ್ಲ ನೀರು, ಆಮೇಲೆ ಕನ್ನಡಕ ಹುಡುಕಾಟ, ಎರಡು ಸಲ ಎಣಿಕೆ, ಹರಿದ ನೋಟು ವಾಪಸು, ಬಿಪಿ-ಸಕ್ಕರೆ ಮಾತ್ರೆಯ ದುಡ್ಡು ಬೇರೆ, ಮೊಮ್ಮಕ್ಕಳಿಗೊಂದು ನೋಟು ಬೇರೆ. ಮಗನ ಎಟಿಎಂ ಕಾರ್ಡಿಗೆ ಕಾಯಬೇಕಾಗಿಲ್ಲ. ಪಿಂಚಣಿಯನ್ನು ಪಿಂಚಣಿ ಮಾಡುವುದೇ ಇದು.

ನವೆಂಬರ್ 2025ರಿಂದ ತಿಂಗಳ ಮೊತ್ತ 1600 ರೂಪಾಯಿಯಿಂದ 2000ಕ್ಕೆ ಏರಿದೆ. ಕೈಗೆ ಕಡಿಮೆ ಬಂದರೆ ತಂದವರ ಮೇಲೆ ಗುಮಾನಿ ಪಡಬೇಡಿ. ಕೇಂದ್ರ ಸರಕಾರದ ಪಾಲಿರುವವರಿಗೆ ಅಷ್ಟು ಹಣ ಆಧಾರ್ ಜೋಡಿಸಿದ ಖಾತೆಗೆ ಬೇರೆಯಾಗಿ ಬೀಳುತ್ತದೆ: 60ರಿಂದ 79 ವರ್ಷದವರಿಗೆ 200, 80 ದಾಟಿದವರಿಗೆ 500, ತೀವ್ರ ಅಂಗವೈಕಲ್ಯಕ್ಕೆ 300. ಹೀಗಾಗಿ ಎಂಬತ್ತು ದಾಟಿದ ಅಜ್ಜಿಯ ಕೈಗೆ 1500 ಬಂದರೆ ಲೆಕ್ಕ ಸರಿ. ಆ ಖಾತೆಯ ಪಾಸ್‌ಬುಕ್ ಎಂಟ್ರಿ ಹಾಕಿಸದೆ ವರ್ಷಗಟ್ಟಲೆ ಬಿಟ್ಟವರೇ ಹೆಚ್ಚು. ಕೇಂದ್ರದ ಆ 200 ಮಾತ್ರ 2007ರ ನಂತರ ಒಂದು ರೂಪಾಯಿ ಏರಿಲ್ಲ.

ಐದನೇ ನಕ್ಷತ್ರ ತಪ್ಪಿದ್ದು ಅಂಗವಿಕಲರ ಪಿಂಚಣಿಯಿಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮಿನ ಪ್ರಕಾರ ಅವರಿಗೆ ಇತರರಿಗಿಂತ ಕನಿಷ್ಠ ಶೇಕಡಾ 25 ಹೆಚ್ಚು ಸಿಗಬೇಕು, ಅಂದರೆ 2500. ಕೊಡುವುದು ಅದೇ 2000. ಅವರಿಗೆ ಇನ್ನೊಂದು ತೊಡಕೂ ಇದೆ: ಪಿಂಚಣಿಗೆ ಬೇಕಾದ ಶೇಕಡಾ 40 ಅಂಗವೈಕಲ್ಯದ ಪ್ರಮಾಣಪತ್ರ ತಾತ್ಕಾಲಿಕವಾದರೆ ಅದರಲ್ಲೇ ಅವಧಿ ಬರೆದಿರುತ್ತದೆ. ಹೊಸದಕ್ಕೆ ವೈದ್ಯಕೀಯ ಮಂಡಳಿಯ ಸರದಿ ಬರಲು ತಿಂಗಳುಗಳೇ ಹಿಡಿಯಬಹುದು, ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿಡಿ.