ಬೆಕ್ಕಿನ ಶುಗರ್ ಮನೆಯಲ್ಲೇ ನೋಡಲು: ಮೂತ್ರದ ಪಟ್ಟಿ, ಎರಡು ಬಗೆಯ ಮೀಟರ್, ಸೆನ್ಸರ್

ಸಕ್ಕರೆ ಕಾಯಿಲೆಯ ಬೆಕ್ಕಿಗೆ ಹನ್ನೆರಡು ಗಂಟೆಗೊಮ್ಮೆ ಇನ್ಸುಲಿನ್ ಚುಚ್ಚುವವರು ಪ್ರತಿ ಸಲವೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಹೊತ್ತಿನಲ್ಲಿ ಇಷ್ಟು ಕೊಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದಿಲ್ಲವೇ? ಮೈಸೂರಿನ ಸರಸ್ವತೀಪುರಂನ ನಮ್ಮ ಮನೆಯಲ್ಲಿರುವ ಗುಂಡ ಎಂಬ ವಯಸ್ಸಾದ ಗಂಡು ಬೆಕ್ಕಿಗಾಗಿ ನಾನು ನಾಲ್ಕು ಸಾಧನಗಳನ್ನು ಬಳಸಿ ನೋಡಿದ್ದೇನೆ. ಅವುಗಳಲ್ಲಿ ಯಾವುದು ಈ ಪ್ರಶ್ನೆಗೆ ಎಷ್ಟರಮಟ್ಟಿಗೆ ಉತ್ತರ ಕೊಡುತ್ತದೆ ಎಂಬುದೇ ಇಲ್ಲಿನ ಹೋಲಿಕೆಗೆ ಆಧಾರ. ಆಸ್ಪತ್ರೆಯಲ್ಲೇ ಪರೀಕ್ಷಿಸಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಆದರೆ ಬುಟ್ಟಿಯಲ್ಲಿ ಕೂತು, ಆಟೋದಲ್ಲಿ ಕುಲುಕಾಡಿ, ನಾಯಿಗಳ ಬೊಗಳಾಟದ ನಡುವೆ ಕಾದ ಬೆಕ್ಕಿನ ಸಕ್ಕರೆ ಹೆದರಿಕೆಯಿಂದಲೇ ಏರುತ್ತದೆ. ಕಾಯಿಲೆಯಿಲ್ಲದ ಬೆಕ್ಕಿನಲ್ಲೂ ಅದು 300 ದಾಟುವುದುಂಟು (ಇಲ್ಲಿನ ಸಕ್ಕರೆಯ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು). ಅಂಥ ಅಂಕಿಯನ್ನು ನಂಬಿ ಇನ್ಸುಲಿನ್ ಹೆಚ್ಚಿಸುವುದು ಅಪಾಯಕರ.

ಮೂತ್ರದ ಪಟ್ಟಿ ಎಲ್ಲಕ್ಕಿಂತ ಅಗ್ಗ, ಬೆಕ್ಕಿಗೆ ನೋವೂ ಇಲ್ಲ. ಆದರೆ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಸುಮಾರು 250ರಿಂದ 290 ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಸೋರುತ್ತದೆ. ಪಟ್ಟಿಯಲ್ಲಿ ಬಣ್ಣ ಬರದಿದ್ದರೆ ರಕ್ತದಲ್ಲಿ 200 ಇದೆಯೋ 40 ಇದೆಯೋ ತಿಳಿಯುವ ದಾರಿಯಿಲ್ಲ. ಆದ್ದರಿಂದ ಪ್ರಮಾಣ ನಿರ್ಧರಿಸಲು ಅದನ್ನು ನಾನು ಬಳಸುವುದಿಲ್ಲ. ಬೆಕ್ಕು ಊಟ ಬಿಟ್ಟಾಗ ಮೂತ್ರದಲ್ಲಿ ಕೀಟೋನ್ (ದೇಹ ಸಕ್ಕರೆಯ ಬದಲು ಕೊಬ್ಬನ್ನು ಕರಗಿಸಿದಾಗ ಹುಟ್ಟುವ ಪದಾರ್ಥ) ಇದೆಯೇ ಎಂದು ನೋಡಲು ಮಾತ್ರ ಒಂದು ಡಬ್ಬಿ ಇಟ್ಟುಕೊಂಡಿದ್ದೇನೆ.

ನಿಜವಾದ ಸ್ಪರ್ಧೆ ಇರುವುದು ರಕ್ತದ ಹನಿಯಿಂದ ಸಕ್ಕರೆ ಅಳೆಯುವ ಎರಡು ಮೀಟರುಗಳ ನಡುವೆ: ಮನುಷ್ಯರಿಗಾಗಿ ಮಾಡಿದ್ದು ಮತ್ತು ಪ್ರಾಣಿಗಳಿಗಾಗಿ ಮಾಡಿದ್ದು. ಮನುಷ್ಯರ ರಕ್ತದಲ್ಲಿ ಸಕ್ಕರೆಯ ನೂರರಲ್ಲಿ ಸುಮಾರು 58 ಭಾಗ ಪ್ಲಾಸ್ಮಾದಲ್ಲಿಯೂ (ರಕ್ತದ ದ್ರವಭಾಗ) 42 ಭಾಗ ಕೆಂಪು ರಕ್ತಕಣಗಳಲ್ಲಿಯೂ ಇರುತ್ತದೆ. ಬೆಕ್ಕಿನಲ್ಲಾದರೋ ಸುಮಾರು 93 ಭಾಗ ಪ್ಲಾಸ್ಮಾದಲ್ಲೇ ಇರುತ್ತದೆ. ಮನುಷ್ಯರ ಲೆಕ್ಕಕ್ಕೆ ಹೊಂದಿಸಿದ ಯಂತ್ರ ಬೆಕ್ಕಿನ ರಕ್ತವನ್ನು ಅಳೆದಾಗ ಇರುವುದಕ್ಕಿಂತ ಕಡಿಮೆ ತೋರಿಸಲು ಇದು ಮುಖ್ಯ ಕಾರಣ. ಆಲ್ಫಾಟ್ರ್ಯಾಕ್‌ನಂಥ ಪ್ರಾಣಿಗಳ ಮೀಟರಿನಲ್ಲಿ ಬೆಕ್ಕಿಗೂ ನಾಯಿಗೂ ಬೇರೆ ಬೇರೆ ಹೊಂದಾಣಿಕೆ ಇದ್ದು, ಅದರ ಅಂಕಿ ಪ್ರಯೋಗಾಲಯದ ಫಲಿತಾಂಶಕ್ಕೆ ಹೆಚ್ಚು ಹತ್ತಿರವಾಗಿರುತ್ತದೆ. ರಕ್ತವೂ 0.3 ಮೈಕ್ರೋಲೀಟರ್, ಎಂದರೆ ಸೂಜಿಮೊನೆಯಷ್ಟು ಹನಿ, ಸಾಕು.

ನಿಖರತೆಯೊಂದನ್ನೇ ನೋಡಿದರೆ ಪ್ರಾಣಿಗಳ ಮೀಟರೇ ಮೇಲು, ಅದರಲ್ಲಿ ಸಂದೇಹವಿಲ್ಲ. ಆದರೂ ದಿನಬಳಕೆಗೆ ನಾನು ಆರಿಸಿಕೊಂಡದ್ದು ಮನುಷ್ಯರ ಮೀಟರನ್ನು. ಪ್ರಾಣಿಗಳ ಮೀಟರಿನ ಸ್ಟ್ರಿಪ್ ನಮ್ಮ ಬಡಾವಣೆಯ ಮೆಡಿಕಲ್ ಸ್ಟೋರುಗಳಲ್ಲಿ ಸಿಗುವುದಿಲ್ಲ, ಹೊರಗಿನಿಂದ ತರಿಸಬೇಕು, ಬೆಲೆಯೂ ಹೆಚ್ಚು. ಸ್ಟ್ರಿಪ್ ಮುಗಿದೀತೆಂದು ಪರೀಕ್ಷೆಯನ್ನೇ ತಪ್ಪಿಸುವ ಮನೆಯಲ್ಲಿ ನಿಖರ ಯಂತ್ರದಿಂದ ಬೆಕ್ಕಿಗೆ ಪ್ರಯೋಜನವಿಲ್ಲ. ಮೇಲಾಗಿ, ಮನುಷ್ಯರ ಮೀಟರ್ ಸಾಮಾನ್ಯವಾಗಿ ತಪ್ಪುವುದು ಕಡಿಮೆ ತೋರಿಸುವ ಕಡೆಗೆ. ಅದರಿಂದ ನಾವು ಇನ್ಸುಲಿನ್ ಕೊಡಲು ಹಿಂಜರಿದೇವೇ ಹೊರತು ಅತಿಯಾಗಿ ಕೊಡುವ ಸಂಭವ ಕಡಿಮೆ. ಮನೆಯಲ್ಲಿ ಪರೀಕ್ಷಿಸುವವರು ಎಚ್ಚರಿಕೆಯ ಗಡಿಯನ್ನು ಮನುಷ್ಯರ ಮೀಟರಿನಲ್ಲಿ 50, ಆಲ್ಫಾಟ್ರ್ಯಾಕ್‌ನಲ್ಲಿ 68 ಎಂದು ಇಟ್ಟುಕೊಳ್ಳುವುದು ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಂಡೇ. ಆದರೆ ಎರಡರ ನಡುವಿನ ವ್ಯತ್ಯಾಸ ಎಲ್ಲ ಮಟ್ಟದಲ್ಲೂ ಒಂದೇ ಅಲ್ಲ, ಸಕ್ಕರೆ ಏರಿದಂತೆ ಅದೂ ಹಿಗ್ಗುತ್ತದೆ. ಹಾಗಾಗಿ ಒಂದರ ಅಂಕಿಗೆ ಇಷ್ಟು ಕೂಡಿಸಿದರೆ ಇನ್ನೊಂದರದು ಬರುತ್ತದೆ ಎಂಬ ಲೆಕ್ಕ ಬೇಡ.

ಚುಚ್ಚುವ ಕೆಲಸ ಎರಡಕ್ಕೂ ಒಂದೇ. ಬಾಣಲೆಯಲ್ಲಿ ಬೆಚ್ಚಗೆ ಮಾಡಿದ ಅಕ್ಕಿಯನ್ನು ಕಾಲುಚೀಲಕ್ಕೆ ತುಂಬಿ, ನಮ್ಮ ಕೈಗೆ ಹಿತವೆನಿಸುವಷ್ಟೇ ಬಿಸಿಯಿದೆಯೆಂದು ನೋಡಿಕೊಂಡು, ಕಿವಿಗೆ ಒತ್ತಿ ಹಿಡಿದರೆ ಅಂಚಿನುದ್ದಕ್ಕೂ ಹರಿಯುವ ಸಣ್ಣ ರಕ್ತನಾಳ ಉಬ್ಬುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಇದಿಲ್ಲದೆ ಹನಿ ಬರುವುದೇ ಕಷ್ಟ. ಅಂಚಿಗೆ ತೆಳ್ಳಗೆ ವ್ಯಾಸಲೀನ್ ಸವರಿ, ಹಿಂದೆ ಮಡಿಸಿದ ಹತ್ತಿ ಇಟ್ಟು, ರಕ್ತನಾಳಕ್ಕೂ ಅಂಚಿಗೂ ನಡುವಿನ ಜಾಗದಲ್ಲಿ ಚುಚ್ಚಿದರೆ ರಕ್ತ ಕೂದಲಿಗೆ ಹರಡದೆ ಸಾಸಿವೆ ಕಾಳಿನಂತೆ ದುಂಡಗೆ ನಿಲ್ಲುತ್ತದೆ. ಕೂಡಲೇ ಒಂದು ಚೂರು ಬೇಯಿಸಿದ ಕೋಳಿಮಾಂಸ ಕೊಡುತ್ತೇನೆ. ಈಗ ಮೀಟರಿನ ಡಬ್ಬಿ ತೆರೆದ ಸದ್ದಿಗೆ ಗುಂಡ ತಾನೇ ಬಂದು ಮೇಜಿನ ಪಕ್ಕ ಕೂರುತ್ತಾನೆ.

ಮೈಗೆ ಅಂಟಿಕೊಂಡೇ ಇದ್ದು ಸಕ್ಕರೆಯನ್ನು ಸತತವಾಗಿ ಅಳೆಯುವ ಫ್ರೀಸ್ಟೈಲ್ ಲಿಬ್ರೆಯಂಥ ಸೆನ್ಸರನ್ನು ಪಶುವೈದ್ಯರಿಂದಲೇ ಹಾಕಿಸಬೇಕು. ಅದು ಕೊಡುವ ಮಾಹಿತಿಗೆ ಮೀಟರ್ ಎಂದೂ ಸಾಟಿಯಾಗದು. ಎಂಟು ಗಂಟೆಗೊಮ್ಮೆಯಾದರೂ ಫೋನನ್ನೋ ಅದರ ರೀಡರನ್ನೋ ಹತ್ತಿರ ಹಿಡಿದು ಓದಿಸುತ್ತಿದ್ದರೆ ಇಡೀ ದಿನದ ರೇಖೆ ಸಿಗುತ್ತದೆ, ಗ್ಲಾರ್ಜಿನ್ ಎಂಬ ಇನ್ಸುಲಿನ್ ಕೊಟ್ಟ ಮೇಲೆ ಸಕ್ಕರೆ ಯಾವ ಹೊತ್ತಿನಲ್ಲಿ ತಳ ಮುಟ್ಟುತ್ತದೆ ಎಂಬುದು ಕಿವಿ ಚುಚ್ಚದೆಯೇ ಕಾಣುತ್ತದೆ. ಆದರೆ ಅದು ಅಳೆಯುವುದು ಚರ್ಮದಡಿಯ ದ್ರವದ ಸಕ್ಕರೆಯನ್ನು. ಮಟ್ಟ ಬೇಗ ಬದಲಾಗುವಾಗ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ, ಬೆಕ್ಕು ಅದೇ ಮಗ್ಗುಲಲ್ಲಿ ಒತ್ತಿ ಮಲಗಿದರೆ ಸುಳ್ಳು ಇಳಿಕೆಯನ್ನೂ ತೋರಿಸಬಹುದು. ಹದಿನಾಲ್ಕು ದಿನಕ್ಕೆಂದು ಮಾಡಿದ್ದಾದರೂ ಬೆಕ್ಕಿನ ಮೈಮೇಲೆ ಅಷ್ಟು ದಿನ ನಿಂತೀತೆಂಬ ಭರವಸೆಯಿಲ್ಲ. ವೈದ್ಯರು ಪ್ರಮಾಣ ಬದಲಿಸಿದಾಗ ಮಾತ್ರ ನಾನು ಅದನ್ನು ಹಾಕಿಸುತ್ತೇನೆ, ಕಡಿಮೆ ಅಂಕಿ ಬಂದಾಗಲೆಲ್ಲ ಮೀಟರಿನಿಂದ ಖಚಿತಪಡಿಸಿಕೊಳ್ಳುತ್ತೇನೆ.

ಯಾವುದನ್ನೇ ಕೊಂಡರೂ ಸ್ಟ್ರಿಪ್ ಡಬ್ಬಿಯ ಮೇಲಿನ ಉಷ್ಣಾಂಶದ ಮಿತಿಯನ್ನು ಓದಿಕೊಳ್ಳಿ. ಅದು ಹೆಚ್ಚಾಗಿ 30 ಡಿಗ್ರಿಯಾಗಿರುತ್ತದೆ, ಏಪ್ರಿಲ್‌ನಲ್ಲಿ ಮೈಸೂರು, ಮಂಡ್ಯದ ಮಧ್ಯಾಹ್ನಗಳು ಅದನ್ನು ಸುಲಭವಾಗಿ ದಾಟುತ್ತವೆ. ಪುಸ್ತಕದಲ್ಲಿ ಅಂಕಿಯ ಪಕ್ಕ ಯಾವ ಮೀಟರ್ ಎಂಬುದನ್ನೂ ಬರೆಯಿರಿ, ಏಕೆಂದರೆ ಬರಿಯ 60 ಎಂಬ ಅಂಕಿಯಿಂದ ವೈದ್ಯರು ಏನನ್ನೂ ನಿರ್ಧರಿಸಲಾರರು. ಬೆಕ್ಕು ತೂರಾಡುತ್ತಿದ್ದರೆ ಅಥವಾ ನಿತ್ರಾಣವಾಗಿ ಬಿದ್ದಿದ್ದರೆ ಮಾತ್ರ ಮೀಟರ್ ಹುಡುಕುತ್ತ ಕೂರಬೇಡಿ. ಮೊದಲು ವಸಡಿಗೆ ಜೇನುತುಪ್ಪ ಸವರಿ, ವೈದ್ಯರಿಗೆ ಫೋನ್ ಮಾಡಿ, ಆಮೇಲೆ ಕಿವಿ ಚುಚ್ಚಿ.